ಸುಪಾರಿ ಹಂತಕನ ಪಕ್ಕ ಒಂದು ಅನಾಥ ಮಗು: ನಾನು ಚಿತ್ರಕಥೆ ಕಟ್ಟುವ ಬಗೆ

ಇಂಥ ಕಥೆಗೆ ಕೂತಾಗ ನಾನು ಮೊದಲು ಬರೆದಿಡುವುದು ಹಂತಕನ ಕಟ್ಟುಪಾಡುಗಳನ್ನು. ದೃಶ್ಯಗಳೆಲ್ಲ ಆಮೇಲೆ. ಐದು ಸಾಕು: ಒಂದೇ ಕಡೆ ಎರಡು ವಾರ ಮೀರಿ ಇರಬಾರದು, ಬಾಗಿಲಿಗೆ ಬೆನ್ನು ಹಾಕಿ ಕೂರಬಾರದು, ನಿಜವಾದ ಹೆಸರು ಹೇಳಬಾರದು, ಕೆಲಸ ಮುಗಿಸಿದ ಜಾಗಕ್ಕೆ ಮರಳಬಾರದು, ಮುಖ ನೋಡಿದವರನ್ನು ಜೀವಂತ ಬಿಡಬಾರದು. ಅವನು ಇನ್ನೂ ಬದುಕಿರುವುದೇ ಇವುಗಳಿಂದ. ಮಗು ಬಂದ ಮೇಲೆ ಒಂದೊಂದೇ ಮುರಿಯಬೇಕು, ಮುರಿದಾಗಲೆಲ್ಲ ಅವನಿಗೆ ಪೆಟ್ಟು ಬೀಳಬೇಕು. ಆ ಪೆಟ್ಟನ್ನು ಅವನು ಗೊತ್ತಿದ್ದೂ ತಿನ್ನುತ್ತಾನಲ್ಲ, ನಂಟು ಇರುವುದು ಅಲ್ಲಿ. ಅಪ್ಪಿಕೊಂಡು ಅಳುವ ದೃಶ್ಯ ಎಷ್ಟು ಬರೆದರೂ ಅದಕ್ಕೆ ಸಮವಾಗುವುದಿಲ್ಲ.

ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. 120 ಪುಟದ ಕಥೆಯಲ್ಲಿ ಇಬ್ಬರೂ 15ನೇ ಪುಟದೊಳಗೆ ಎದುರಾಗಲಿ. 25-30ರ ಹೊತ್ತಿಗೆ ಐದನೆಯ ಕಟ್ಟುಪಾಡು ಮುರಿಯಲಿ. ಎಲ್ಲಕ್ಕಿಂತ ದೊಡ್ಡದು ಅದೇ, ಆದರೂ ಅದು ಮೊದಲು ಬೀಳದಿದ್ದರೆ ಕಥೆ ಹೊರಡುವುದಿಲ್ಲ. ಅಲ್ಲಿ ಅವನಿಗೆ ಕರುಣೆ ಉಕ್ಕಿತು ಎಂದು ಬರೆದಿರೋ, ಕೆಟ್ಟಿತು. ನಾನು ಲೆಕ್ಕಾಚಾರದ ಕಾರಣವನ್ನೇ ಕೊಡುತ್ತೇನೆ: ಎದುರು ಮನೆಯ ಬಾಗಿಲು ತೆರೆಯುತ್ತದೆ, ಗುಂಡು ಹಾರಿಸಿದರೆ ಸದ್ದಾಗುತ್ತದೆ, ಮಗುವನ್ನು ಎಳೆದುಕೊಂಡು ಇಳಿಯುತ್ತಾನೆ. ಆ ಕಾರಣ ತೀರಿದ ಮೇಲೂ ಮಗು ಜೊತೆಯಲ್ಲೇ ಇದೆ ಎಂಬುದು ಅವನಿಗಿಂತ ಮೊದಲು ಪ್ರೇಕ್ಷಕನಿಗೆ ಹೊಳೆಯಬೇಕು. ಅವನು ನಿಜವಾದ ಹೆಸರು ಹೇಳುವುದು 90ನೇ ಪುಟ ದಾಟಿದ ಮೇಲೆ.

'ಕೆಟ್ಟವರನ್ನು ಮಾತ್ರ ಕೊಲ್ಲುತ್ತಾನೆ' ಎಂಬ ರಿಯಾಯಿತಿ ಬೇಡ. ಮೊದಲ ಹತ್ತು ಪುಟಗಳಲ್ಲಿ ಒಬ್ಬ ನಿರಪರಾಧಿ ಅವನ ಕೈಯಲ್ಲಿ ಸಾಯಲಿ.

ಮಗುವಿನ ಮಾತಿನಲ್ಲೇ ಹೆಚ್ಚಿನ ಚಿತ್ರಕಥೆಗಳು ಸೋಲುವುದು. ಮಗು ಮುದುಕರಂತೆ ತತ್ವ ಹೇಳತೊಡಗುತ್ತದೆ. ಮನೆಯವರನ್ನು ಕಳೆದುಕೊಂಡ ಎಂಟೊಂಬತ್ತರ ಹುಡುಗಿ ಕೇಳುವುದು ಬೇರೆ: ರಾತ್ರಿ ದೀಪ ಆರಿಸ್ತೀರಾ? ನನ್ನ ಚಪ್ಪಲಿ ಎಲ್ಲಿ? ಒಂದು ಸಾಲಿಗೆ ಆರೇಳು ಪದ ಮೀರಬಾರದು. ಮೊದಲ ಭೇಟಿಯಲ್ಲೇ 'ಅಂಕಲ್' ಅನ್ನಿಸಬೇಡಿ; ಇನ್ನೂ ಗಳಿಸದ ಸಂಬಂಧವನ್ನು ಪುಕ್ಕಟೆ ಕೊಟ್ಟಂತೆ. ಅರ್ಧ ಕಥೆಯವರೆಗೂ ಏನೂ ಕರೆಯದೆ ಮಾತಾಡಲಿ.

ಊಟದಲ್ಲಿ ಅರ್ಧವನ್ನು ಅವಳು ದಿಂಬಿನ ಕೆಳಗೆ ಬಚ್ಚಿಡುತ್ತಾಳೆ. ನಾಳೆ ಸಿಗುತ್ತದೆಂಬ ಭರವಸೆ ಇಲ್ಲದ ಮಕ್ಕಳು ಹೀಗೆ ಮಾಡುವುದುಂಟು. ಹಂತಕ ನೋಡುತ್ತಾನೆ, ಬೈಯುವುದಿಲ್ಲ, ಕೇಳುವುದೂ ಇಲ್ಲ. ಮರುದಿನ ದಿಂಬಿನ ಕೆಳಗೆ ಮುಚ್ಚಳದ ಡಬ್ಬಿಯೊಂದಿರುತ್ತದೆ. ಅರ್ಧ ಪುಟ, ಮಾತೇ ಇಲ್ಲ.

ಆಘಾತವನ್ನು ತೋರಿಸಲು ಫ್ಲ್ಯಾಶ್‌ಬ್ಯಾಕ್‌ಗಿಂತ ಆಟ ಒಳ್ಳೆಯದು. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನ 26 ಮಕ್ಕಳನ್ನು ಅಪಹರಿಸಿ ನೆಲದಡಿ ಹೂತಿಟ್ಟ ವಾಹನದಲ್ಲಿ ಕೂಡಿಹಾಕಿದ್ದರು. ಎಲ್ಲರೂ ಬದುಕಿ ಬಂದರು. ಅವರನ್ನು ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್ ವಿವರಿಸಿದ್ದು ಇಂಥ ಆಟವನ್ನೇ: ಅದೇ ಭಯ ಮತ್ತೆ ಮತ್ತೆ ಆಟವಾಗುತ್ತದೆ, ಆಡಿದರೂ ಮನಸ್ಸು ಹಗುರಾಗುವುದಿಲ್ಲ. ನನ್ನ ಹುಡುಗಿ ಗೊಂಬೆಗಳನ್ನು ಮಂಚದಡಿ ಬಚ್ಚಿಟ್ಟು ಬಾಗಿಲು ಬಡಿಯುತ್ತಾಳೆ. ಇದು ಮೂರು ಸಲ ಬರುತ್ತದೆ. ಮೂರನೆಯ ಸಲ ಬಾಗಿಲು ಬಡಿಯುವ ಪಾತ್ರವನ್ನು ಅವನಿಗೆ ಕೊಡುತ್ತಾಳೆ. ಅವನು ಬಡಿಯುತ್ತಾನೋ ಇಲ್ಲವೋ ಎಂಬುದಕ್ಕೆ ಒಂದು ಪೂರ್ತಿ ಪುಟ ಬಿಡಿ.

ಮಗುವಿಗೆ ಬಂದೂಕು ಹಿಡಿಯಲು ಕಲಿಸುವ ಹಾಡಿನಂಥ ದೃಶ್ಯಮಾಲೆಯನ್ನು ನಾನು ಕಣ್ಣುಮುಚ್ಚಿ ಹೊಡೆದುಹಾಕುತ್ತೇನೆ. ಕಲಿಯಲೇಬೇಕಿದ್ದರೆ ಬೀಗ ತೆರೆಯುವುದನ್ನು ಕಲಿಯಲಿ. ಮಗುವಿನ ಕೈಗೆ ಬಂದೂಕು ಕೊಡದಿದ್ದರೆ ಚಿತ್ರೀಕರಣಕ್ಕೂ ಅನುಕೂಲ: ಬಂದೂಕಿನ ಶಾಟ್ ಬೇರೆ, ಮಗುವಿನ ಮುಖ ಬೇರೆ ತೆಗೆದು, ನೋಟದ ದಿಕ್ಕು ಹೊಂದಿಸಿ ಎಡಿಟಿಂಗ್‌ನಲ್ಲಿ ಸೇರಿಸಬಹುದು.

ಕ್ಲೈಮ್ಯಾಕ್ಸ್‌ನಲ್ಲಿ ಹಂತಕನನ್ನು ಸಾಯಿಸಿದರೆ ಬರಹಗಾರನಿಗೆ ಸಲೀಸು, ಆದರೆ ಮಗು ಎಲ್ಲಿಗೆ ಹೋಗಬೇಕು? ಅವಳನ್ನು ಮುಂದೆ ಸಾಕುವವರು, ಸೋದರತ್ತೆಯೋ ಟೀಚರೋ, 60ನೇ ಪುಟದೊಳಗೆ ಒಮ್ಮೆ ಕಾಣಿಸಿಕೊಂಡಿರಬೇಕು. ಇಲ್ಲವಾದರೆ ಕೊನೆಯ ಪುಟದಲ್ಲಿ ಆಕಾಶದಿಂದ ಉದುರುತ್ತಾರೆ.