ವರ್ಕ್‌ಲೋಡ್ ಇಲ್ಲ ಅಂದ್ರೆ ಅತಿಥಿ ಉಪನ್ಯಾಸಕರು ಮೊದ್ಲು ಏನ್ ಮಾಡ್ಬೇಕು

"ಈ ಸಲ ನಿಮ್ಗೆ ವರ್ಕ್‌ಲೋಡ್ ಇಲ್ಲ ಮೇಡಂ" ಅಂತ, ಅಂದ್ರೆ ನಿಮ್ಗೆ ಕೊಡೋಕೆ ಪಾಠದ ಗಂಟೆ ಇಲ್ಲ ಅಂತ, ಬಾಯ್ಮಾತಲ್ಲಿ ಹೇಳಿದ್ರೆ ಸುಮ್ನೆ ಬ್ಯಾಗ್ ಎತ್ಕೊಂಡು ಮನೆಗೆ ಹೋಗ್ಬೇಡಿ. ನಾನು ಹಾಗೇ ಬಂದ್ಬಿಟ್ಟಿದ್ದೆ, 2022ರಲ್ಲಿ. ಆ ವರ್ಷ ಜನವರೀಲಿ ಸರ್ಕಾರಿ ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಗೌರವಧನ ಜಾಸ್ತಿ ಮಾಡಿದ್ರು, ನೆಟ್, ಸ್ಲೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು) ಇಲ್ಲಾ ಪಿಎಚ್‌ಡಿ ಇದ್ದು 5 ವರ್ಷ ದಾಟಿದವ್ರಿಗೆ ತಿಂಗಳಿಗೆ 32,000 ಅಂದ್ರು, ಖುಷಿಯಾಯ್ತು, ಆದ್ರೆ ಅದ್ರ ಜೊತೇಲೇ ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಪಾಠಾನ 15 ಗಂಟೆ ಮಾಡಿದ್ರು, ಇಬ್ರ ಕೆಲ್ಸ ಒಬ್ರಿಗೆ ಹೋಯ್ತು, ಹೊರಗೆ ಉಳಿದವ್ರಲ್ಲಿ ನಾನೂ ಒಬ್ಳು.

ಮೊದ್ಲು ಟೈಮ್‌ಟೇಬಲ್. ಸ್ಟಾಫ್ ರೂಮ್ ಗೋಡೆಗೆ ಅಂಟ್ಸಿರೋದನ್ನ ಪ್ರತಿ ಸೆಮಿಸ್ಟರ್ ಫೋಟೋ ತೆಗೆದಿಡಿ, ಹೊಸದು ಬಂದ ದಿನ ಹಳೇದನ್ನ ಕಿತ್ತು ಹಾಕ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ: ಎ, ಬಿ ಸೆಕ್ಷನ್ ಸೇರ್ಸಿ ಒಂದೇ ಕ್ಲಾಸ್ ಮಾಡಿದ್ದಾರಾ, ಪ್ರಾಕ್ಟಿಕಲ್ ಬ್ಯಾಚ್ ಕಮ್ಮಿ ಆಗಿದ್ಯಾ, ವರ್ಗಾವಣೆ ಆಗಿ ಖಾಯಂ ಉಪನ್ಯಾಸಕರು ಬಂದಿದ್ದಾರಾ. ಅವ್ರು ಬಂದ್ರೆ ಗಂಟೆ ಅವ್ರಿಗೇ ಮೊದ್ಲು, ಅದ್ರಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ. ಆದ್ರೆ ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ, ಅಂದ್ರೆ ಈ ಖಾಯಂನವ್ರಿಗೆ, ವಾರಕ್ಕೆ 16 ಗಂಟೆ ನೇರ ಪಾಠ ಅಂತಿದೆ, ವಿಭಾಗದ ಒಟ್ಟು ಗಂಟೇಲಿ ಅದನ್ನ ಕಳೆದು ಉಳಿಯೋ ಗಂಟೆ ಎಲ್ಲಿ ಹೋಯ್ತು ಅನ್ನೋದು ನಮ್ಮ ಪ್ರಶ್ನೆ. ನನ್ನ ಕೇಸಲ್ಲಿ ಸೆಕ್ಷನ್ ಸೇರ್ಸಿದ್ರು, ತೊಂಬತ್ತು ಮಕ್ಳು ಒಂದೇ ರೂಮಲ್ಲಿ, ಹಿಂದಿನ ಬೆಂಚಿನವ್ರಿಗೆ ಬೋರ್ಡೇ ಕಾಣ್ತಿರ್ಲಿಲ್ಲ.

ಪ್ರಿನ್ಸಿಪಾಲ್‌ಗೆ ಬರವಣಿಗೇಲಿ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕ್ಸಿ. ಉತ್ತರ ಬರ್ಲಿಲ್ವಾ, ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರೋ ಹಾಗಿಲ್ಲ, ಅದಕ್ಕೇ ಕಷ್ಟ ಸುಖ ಎಲ್ಲಾ ಬರೀಬೇಡಿ. "ನಮ್ಮ ವಿಭಾಗದ ಈ ಸಾಲಿನ ಮತ್ತು ಹಿಂದಿನ ಸಾಲಿನ ಕಾರ್ಯಭಾರ ಪಟ್ಟಿಯ ದೃಢೀಕೃತ ಪ್ರತಿ ಕೊಡಿ" ಅಂತಷ್ಟೇ ಕೇಳಿ. 'ಯಾಕೆ' ಅಂತ ಕೇಳಿದ್ರೆ ಜಾರ್ಕೋತಾರೆ, ದಾಖಲೆ ಕೇಳಿದ್ರೆ ಕೊಡ್ಲೇಬೇಕು. 30 ದಿನದಲ್ಲಿ ಬರ್ಲಿಲ್ಲ ಅಂದ್ರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಇನ್ನೊಂದು, ದಯವಿಟ್ಟು ಇದನ್ನ ಮುಂದಕ್ಕೆ ಹಾಕ್ಬೇಡಿ: ಸೇವಾ ಪ್ರಮಾಣಪತ್ರ. ಅತಿಥಿ ಉಪನ್ಯಾಸಕರಿಗೆ ಕಾಲೇಜು ಹಂಚೋ ಕೌನ್ಸೆಲಿಂಗ್‌ನಲ್ಲಿ ಸೇವಾ ವರ್ಷಕ್ಕೆ ಬೆಲೆ ಇದೆ, 2024ರಲ್ಲಿ ಹೆಚ್ಚು ಮಾಡಿದ ಗೌರವಧನಾನೂ ಸೇವಾ ವರ್ಷ ನೋಡಿಯೇ. ಪ್ರತಿ ವರ್ಷದ ಕೊನೇಲಿ, ಸೇರಿದ ದಿನ ಬಿಟ್ಟ ದಿನ ಎರಡೂ ನಮೂದಿಸಿ, ಆಗ ಇರೋ ಪ್ರಿನ್ಸಿಪಾಲ್ ಕೈಲೇ ಸೈನ್ ಮಾಡ್ಸಿ ಇಟ್ಕೊಳ್ಳಿ, ಅವ್ರು ರಿಟೈರ್ ಆದ್ಮೇಲೆ ಹೊಸಬ್ರು ಹಳೇ ಹಾಜರಿ ಪುಸ್ತಕ ಹುಡ್ಕಿ ತೆಗ್ಸೋ ಹೊತ್ತಿಗೆ ಕೌನ್ಸೆಲಿಂಗ್ ಮುಗ್ದೋಗಿರುತ್ತೆ.