ಗುಂಪಿನಲ್ಲಿ ಕೆಟಮೈನ್ ಚಿಕಿತ್ಸೆ: ಸೇರುವ ಮುಂಚೆ, ಆ ದಿನ, ಆಮೇಲೆ

ಆರೆಗನ್ ರಾಜ್ಯದ ಒಂದು ಕ್ಲಿನಿಕ್‌ನಲ್ಲಿ ನಾನು ನರ್ಸ್. ಹುಟ್ಟೂರು ಸಾಗರದ ಕಡೆ. ಖಿನ್ನತೆಯಿರುವ ಕೆಲವರು ಒಂದೇ ಕೋಣೆಯಲ್ಲಿ ಮಲಗಿ ಕೆಟಮೈನ್ ಅನ್ನುವ ಔಷಧ ಪಡೆದು, ಆಮೇಲೆ ಒಟ್ಟಿಗೆ ಕೂತು ಮಾತಾಡುವುದೇ ಈ ಗುಂಪು ಚಿಕಿತ್ಸೆ. ಗುಂಪು ಕೆಟಮೈನ್ ಚಿಕಿತ್ಸೆ ನಡೆಯುವ ದಿನ ಬಿಪಿ ನೋಡುವುದು, ಇಂಜೆಕ್ಷನ್ ಕೊಡುವುದು, ಜನ ಎಚ್ಚರಾಗುವವರೆಗೂ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಇಲ್ಲಿನ ಕನ್ನಡದವರಿಂದ ಆಗಾಗ ಫೋನ್ ಬರುತ್ತದೆ: "ಯಾರಿಗೂ ಹೇಳಬೇಡಿ, ಒಂದು ವಿಷಯ ಕೇಳಬೇಕಿತ್ತು." ಎಲ್ಲರದ್ದೂ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳಾದ್ದರಿಂದ ಒಮ್ಮೆ ಬರೆದಿಟ್ಟರೆ ವಾಸಿ ಅನಿಸಿತು.

ಕೆಟಮೈನ್ ಹೊಸ ಔಷಧವೇನಲ್ಲ. ಅಮೆರಿಕದಲ್ಲಿ 1970ರಿಂದ ಅರಿವಳಿಕೆಗೆ ಬಳಸುತ್ತಿದ್ದಾರೆ, ನಮ್ಮೂರ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳಿಗೂ ಅದು ಹಳೆಯ ಪರಿಚಯ. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಖಿನ್ನತೆ ಬೇಗ ತಗ್ಗಬಹುದೆಂದು ಯೇಲ್ ವಿಶ್ವವಿದ್ಯಾಲಯದ ತಂಡವೊಂದು 2000ದಲ್ಲಿ ಚಿಕ್ಕ ಅಧ್ಯಯನದಲ್ಲಿ ತೋರಿಸಿತು. ಅವರು ಕೊಟ್ಟದ್ದು ದೇಹತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ, 40 ನಿಮಿಷ ಡ್ರಿಪ್‌ನಲ್ಲಿ. ಮಾಮೂಲಿ ಖಿನ್ನತೆ ಮಾತ್ರೆಗಳು ಕೆಲಸ ಶುರುಮಾಡಲು ವಾರಗಟ್ಟಲೆ ಬೇಕು. ಇದು ಗಂಟೆಗಳಲ್ಲಿ ಮಾಡುತ್ತದೆ. ಆದರೆ ಒಂದು ಡೋಸಿನ ಗುಣ ಕೆಲವು ದಿನಗಳಲ್ಲೇ, ಹೆಚ್ಚೆಂದರೆ ಒಂದೆರಡು ವಾರದಲ್ಲಿ, ಇಳಿಯತೊಡಗುತ್ತದೆ. ಹಾಗಾಗಿ ಗುಂಪು ಆರಿಸುವಾಗ ಔಷಧ ಕೊಡುವ ದಿನಗಳನ್ನು ನೋಡಬೇಡಿ, ಔಷಧವಿಲ್ಲದೆ ಬರೀ ಕೂತು ಮಾತಾಡುವ ದಿನಗಳು ಎಷ್ಟಿವೆ ಅಂತ ನೋಡಿ. ಕೆನಡಾದ ನನೈಮೊದಲ್ಲಿ ಆರೋಗ್ಯ ಸಿಬ್ಬಂದಿಗಾಗಿ ಶುರುವಾದ 'ರೂಟ್ಸ್ ಟು ಥ್ರೈವ್' ಕಾರ್ಯಕ್ರಮದಲ್ಲಿ 12 ವಾರ ಗುಂಪು ಸೇರುತ್ತದೆ, ಅದರೊಳಗೆ ಕೆಟಮೈನ್ ಕೊಡುವುದು ಮೂರೇ ಸಲ. ನನ್ನ ಪ್ರಕಾರ ಲೆಕ್ಕಾಚಾರ ಇರಬೇಕಾದ್ದೇ ಹಾಗೆ. "ಮುಂಚೆ ಒಂದು ಜೂಮ್ ಕಾಲ್, ಆಮೇಲೆ ಒಂದು ಜೂಮ್ ಕಾಲ್" ಅನ್ನುವ ಕಡೆ ದುಡ್ಡು ಕಟ್ಟಬೇಡಿ.

ಕಾನೂನಿನ ವಿಷಯವನ್ನೂ ತಿಳಿದಿರಿ. ಖಿನ್ನತೆಗೆಂದು ಎಫ್‌ಡಿಎ, ಅಂದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಒಪ್ಪಿಗೆ ಕೊಟ್ಟಿರುವುದು ಕೆಟಮೈನ್‌ನ ತಮ್ಮನಂತಿರುವ ಎಸ್ಕೆಟಮೈನ್ ಮೂಗಿನ ಸ್ಪ್ರೇಗೆ, 2019ರಲ್ಲಿ. ಗುಂಪುಗಳಲ್ಲಿ ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಅಥವಾ ಬಾಯಲ್ಲಿ ಕರಗಿಸುವ ಗುಳಿಗೆಗೆ ಆ ಒಪ್ಪಿಗೆ ಇಲ್ಲ; ವೈದ್ಯರು ತಮ್ಮ ಜವಾಬ್ದಾರಿಯ ಮೇಲೆ ಬರೆದುಕೊಡುತ್ತಾರೆ. ಅದು ಕಾನೂನುಬದ್ಧವೇ, ಆದರೆ ಇನ್ಶೂರೆನ್ಸ್‌ನವರು ಬಹುತೇಕ ದುಡ್ಡು ಕೊಡುವುದಿಲ್ಲ ಅಂತ ಕೈಯೆತ್ತಿಬಿಡುತ್ತಾರೆ. ಗುಂಪಿನಲ್ಲಿ ಖರ್ಚು ಹಂಚಿಹೋಗುವುದರಿಂದ ಒಬ್ಬರೇ ಮಾಡಿಸಿಕೊಳ್ಳುವುದಕ್ಕಿಂತ ಅಗ್ಗ. ಗುಳಿಗೆಯನ್ನು ಪೋಸ್ಟಿನಲ್ಲಿ ಮನೆಗೇ ಕಳಿಸಿ, ಒಬ್ಬರೇ ಮಲಗಿಕೊಂಡು ತಗೊಳ್ಳಿ ಅನ್ನುವ ಕಂಪನಿಗಳೂ ಇವೆ. ಹಾಗೆ ಔಷಧದಂಗಡಿಗಳೇ ತಯಾರಿಸಿ ಕೊಡುವ ಕೆಟಮೈನ್ ಬಗ್ಗೆ ಎಫ್‌ಡಿಎ 2023ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಬಿಪಿ ನೋಡುವವರಿಲ್ಲದ ಕೋಣೆಯಲ್ಲಿ ಈ ಔಷಧ ಬೇಡ, ಇಷ್ಟೇ ನನ್ನ ಮಾತು.

ಯಾರು ಸೇರಬಾರದು? ಹತೋಟಿಯಲ್ಲಿಲ್ಲದ ಬಿಪಿ ಇರುವವರು, ರಕ್ತನಾಳ ಉಬ್ಬಿದೆ ಅಂದರೆ ಅನ್ಯೂರಿಸಂ ಇದೆ ಎಂದು ಗೊತ್ತಿರುವವರು, ಗರ್ಭಿಣಿಯರು, ಸ್ಕಿಜೋಫ್ರೇನಿಯಾ ಅಥವಾ ಉನ್ಮಾದದ ಚರಿತ್ರೆ ಇರುವವರು. ಮನೆತನದಲ್ಲಿ ಯಾರಿಗಾದರೂ ಇತ್ತೇ ಅಂತ ಕೇಳಿದಾಗ ನಮ್ಮವರು ತಡವರಿಸುತ್ತಾರೆ. "ಚಿಕ್ಕಪ್ಪ ಸ್ವಲ್ಪ ಹಾಗೇ ಇದ್ದರು" ಅನ್ನುವುದಿದ್ದರೆ ಅದನ್ನೇ ಹೇಳಿ, ಮುಚ್ಚಿಡಬೇಡಿ. ನಿದ್ದೆಗೆ, ಗಾಬರಿಗೆ ತಗೊಳ್ಳುವ ಮಾತ್ರೆ, ಫಿಟ್ಸ್‌ಗೆ, ಮನಸ್ಸಿನ ಏರಿಳಿತಕ್ಕೆ ಕೊಡುವ ಲ್ಯಾಮೋಟ್ರಿಜಿನ್, ಊರಿಂದ ತರಿಸಿಕೊಂಡ ಚೂರ್ಣ ಲೇಹ್ಯ, ಎಲ್ಲವನ್ನೂ ಪಟ್ಟಿ ಮಾಡಿ ತೋರಿಸಿ. ಯಾವುದನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಕ್ಲಿನಿಕ್‌ಗೆ ಕೇಳಬೇಕಾದ ಪ್ರಶ್ನೆಗಳನ್ನು ಸಂಕೋಚಪಡದೆ ಕೇಳಿ. ಔಷಧ ಕೊಟ್ಟಮೇಲೆ ಕೋಣೆಯೊಳಗೆ ಯಾರಿರುತ್ತಾರೆ? ಎಷ್ಟು ಜನಕ್ಕೆ ಒಬ್ಬರು? ಬಿಪಿ ಎಷ್ಟಿದ್ದರೆ ಅವತ್ತು ವಾಪಸ್ ಕಳಿಸುತ್ತೀರಿ? ಆಕ್ಸಿಜನ್ ಇದೆಯೇ? ಹೆದರಿಕೊಂಡವರ ಕೈ ಹಿಡಿಯುತ್ತೀರಾ, ಅದಕ್ಕೆ ಮುಂಚೆಯೇ ಒಪ್ಪಿಗೆ ಬರೆಸಿಕೊಳ್ಳುತ್ತೀರಾ? ಈ ಕೊನೆಯದನ್ನು ಹೆಂಗಸರು ಮರೆಯದೆ ಕೇಳಬೇಕು. "ಎಲ್ಲ ಸರಿಹೋಗುತ್ತೆ, ನಂಬಿಕೆ ಇಡಿ" ಅನ್ನುವ ಉತ್ತರ ಬಂದರೆ ಎದ್ದು ಬನ್ನಿ.

ಈಗ ನಮ್ಮವರ ಅತಿ ದೊಡ್ಡ ಭಯಕ್ಕೆ ಬರೋಣ: ಅಲ್ಲಿ ಪರಿಚಯದವರು ಸಿಕ್ಕಿಬಿಟ್ಟರೆ? ಕನ್ನಡ ಕೂಟದ ಯುಗಾದಿ ಊಟದಲ್ಲಿ ಸುದ್ದಿಯಾದರೆ? ಇದು ಸುಳ್ಳು ಭಯವಲ್ಲ. ರೋಗಿಗಳ ಮಾಹಿತಿಯನ್ನು ಗುಟ್ಟಾಗಿಡಬೇಕೆನ್ನುವ ಹಿಪಾ ಕಾನೂನು ಕ್ಲಿನಿಕ್‌ನವರ ಬಾಯಿ ಕಟ್ಟುತ್ತದೆ, ಪಕ್ಕದ ಚಾಪೆಯವರದ್ದನ್ನಲ್ಲ. ಗುಂಪಿನವರು ಪರಸ್ಪರ ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಹಾಕಬಹುದು, ಅದರಾಚೆ ನಂಬಿಕೆಯೇ ಗತಿ. ಹಾಗಾಗಿ ಸೇರುವ ಮುಂಚೆ, "ಈ ಗುಂಪಿನಲ್ಲಿ ಭಾರತದವರು ಇದ್ದಾರೆಯೇ?" ಎಂದು ಕೇಳಿ. ಇದ್ದಾರೋ ಇಲ್ಲವೋ ಅವರು ಹೇಳಲಾರರು, ಆದರೆ ನಿಮ್ಮ ಆತಂಕ ಅರ್ಥವಾಗಿ ಬೇರೆ ತಂಡಕ್ಕೆ ಹಾಕಬಲ್ಲರು. ಇನ್ನೊಂದು ಊರಿನ ಕ್ಲಿನಿಕ್‌ಗೆ ಒಂದೂವರೆ ಗಂಟೆ ದಾರಿ ಆದರೂ ಪರವಾಗಿಲ್ಲ ಅನ್ನುವವರನ್ನು ಕಂಡಿದ್ದೇನೆ, ತಪ್ಪೇನಿಲ್ಲ.

ಮೊದಲ ಸಭೆಯಲ್ಲಿ, ಯಾತಕ್ಕಾಗಿ ಬಂದಿದ್ದೀರಿ ಅಂತ ಬರೆಯಲು ಹೇಳುತ್ತಾರೆ. ಪ್ರಬಂಧ ಬೇಡ. "ಡಿಪ್ರೆಶನ್ ಹೋಗಬೇಕು" ಅನ್ನುವುದು ತೀರಾ ದೊಡ್ಡದಾಯಿತು. "ಅಪ್ಪ ತೀರಿಕೊಂಡಾಗ ಊರಿಗೆ ಹೋಗಲಾಗಲಿಲ್ಲ, ಅದನ್ನು ಒಮ್ಮೆ ನೇರವಾಗಿ ನೋಡಬೇಕು" ಅನ್ನುವಂಥದ್ದು ಸಾಕು. ಕನ್ನಡದಲ್ಲೇ ಬರೆಯಿರಿ, ಯಾರೂ ಬೇಡ ಅನ್ನುವುದಿಲ್ಲ.

ಇನ್ನೊಂದು ಕೆಲಸ ಮಾಡಿ, ಇದನ್ನು ಯಾವ ಕ್ಲಿನಿಕ್‌ನ ಹಾಳೆಯಲ್ಲೂ ಬರೆದಿರುವುದಿಲ್ಲ. ಔಷಧದ ಮಂಪರಿನಲ್ಲಿ ಕೆಲವರು ತಾಯಿಮಾತಿಗೇ ಜಾರುತ್ತಾರೆ. ನಮ್ಮ ಕ್ಲಿನಿಕ್‌ಗೆ ಬಂದ ಹಿರಿಯರೊಬ್ಬರು, ಬರೆಯಲು ಅವರೇ ಒಪ್ಪಿದ್ದಾರೆ, ಕಣ್ಣುಪಟ್ಟಿ ಕಟ್ಟಿಕೊಂಡು ಮಲಗಿದ್ದವರು "ಕರು ಬಿಟ್ಟುಬಿಡು, ಕರು ಬಿಡು" ಅಂತ ಹೇಳುತ್ತಲೇ ಹೋದರು. ಅವರ ತಲೆಯ ಬಳಿ ಕೂತಿದ್ದ ಥೆರಪಿಸ್ಟ್ ಏನೋ ನೋವಾಗುತ್ತಿದೆ ಅಂದುಕೊಂಡು ಗಾಬರಿಯಿಂದ ನನ್ನ ಮುಖ ನೋಡಿದಳು. ನೋವೇನಿರಲಿಲ್ಲ, ಅವರು ಕೊಟ್ಟಿಗೆಯಲ್ಲಿದ್ದರು ಅಷ್ಟೇ. ಎಲ್ಲ ಕಡೆ ಕನ್ನಡದ ನರ್ಸ್ ಇರುವುದಿಲ್ಲವಲ್ಲ. ಒಂದು ಚೀಟಿಯಲ್ಲಿ ನೀರು, ವಾಂತಿ, ಭಯ, ಸಾಕು, ಕೈ ಹಿಡಿ ಅನ್ನುವ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಎದುರಿಗೆ ಅರ್ಥದೊಂದಿಗೆ ಬರೆದು, ನಿಮ್ಮ ಹತ್ತಿರ ಕೂರುವವರ ಕೈಗೆ ಕೊಡಿ.

ಆ ದಿನ ಹೊಟ್ಟೆ ಖಾಲಿ ಇರಬೇಕು. ಎಷ್ಟು ಗಂಟೆ ಅಂತ ನಿಮ್ಮ ಕ್ಲಿನಿಕ್ ಹೇಳಿದ್ದನ್ನೇ ಪಾಲಿಸಿ. ಹಾಲು ಹಾಕಿದ ಕಾಫಿಯೂ ಊಟದ ಲೆಕ್ಕವೇ, "ಬರೀ ಒಂದು ಲೋಟ ಕಾಫಿ" ಅಂತ ಬಂದು ಚಿಕಿತ್ಸೆ ಮುಂದಕ್ಕೆ ಹೋದವರಿದ್ದಾರೆ. ಸಕ್ಕರೆ ಕಾಯಿಲೆ ಇದ್ದರೆ ಇನ್ಸುಲಿನ್, ಮಾತ್ರೆ ಹೇಗೆ ಅಂತ ಹಿಂದಿನ ದಿನವೇ ವಿಚಾರಿಸಿ. ಸಡಿಲ ಬಟ್ಟೆ, ಕಾಲುಚೀಲ. ಆಕ್ಸಿಜನ್ ಅಳೆಯಲು ಬೆರಳಿಗೆ ಕ್ಲಿಪ್ ಹಾಕುವುದರಿಂದ ಗಾಢ ಬಣ್ಣದ ನೇಲ್ ಪಾಲಿಶ್ ಬೇಡ. ರಾತ್ರಿ ಚೆನ್ನಾಗಿ ನಿದ್ದೆಯಾಗಿ ಮರುದಿನ ಏಳುವವರೆಗೆ ಕಾರು ಓಡಿಸುವ ಹಾಗಿಲ್ಲ. ಕರೆದೊಯ್ಯಲು ಒಬ್ಬರು ಒಳಗೇ ಬರಬೇಕು.

ಇಂಜೆಕ್ಷನ್ ಕೊಟ್ಟ ಐದು ನಿಮಿಷದ ಆಚೀಚೆ ಶುರುವಾಗುತ್ತದೆ, ಗಾಢವಾದ ಹೊತ್ತು ಸುಮಾರು ಮುಕ್ಕಾಲು ಗಂಟೆ. ಕೈಕಾಲು ತನ್ನದಲ್ಲ ಅನಿಸಬಹುದು, ಹೊತ್ತು ಹೋದದ್ದು ತಿಳಿಯದೆ ಇರಬಹುದು, ಭಯವಾಗಬಹುದು, ಏನೂ ಕಾಣದೆಯೂ ಹೋಗಬಹುದು. ವಾಕರಿಕೆಗೆ ಮಾತ್ರೆ ಇದೆ, ಕೇಳಿ. ಬಾತ್‌ರೂಮಿಗೆ ಒಬ್ಬರೇ ಏಳಬೇಡಿ, ಕೈ ಎತ್ತಿ. ಪಕ್ಕದವರು ಅಳುವುದು ಕಿವಿಗೆ ಬೀಳುತ್ತದೆ. ಯಾರಾದರೂ ಅತ್ತರೆ ಎದ್ದುಹೋಗಿ ಸಮಾಧಾನ ಮಾಡದೆ ಇರುವುದು ನಮ್ಮವರಿಗೆ ಬಲು ಕಷ್ಟ. ಆದರೂ ಮಲಗಿರಿ, ಆ ಕೆಲಸಕ್ಕೆ ನಾವಿದ್ದೇವೆ.

ಎಚ್ಚರಾದಮೇಲೆ ಸುತ್ತ ಕೂತು ಒಬ್ಬೊಬ್ಬರೇ ಮಾತಾಡುತ್ತಾರೆ. ನೀವು ಒಂದೇ ವಾಕ್ಯ ಹೇಳಿದರೂ ಸರಿ, "ಇವತ್ತು ಬೇಡ" ಅಂದರೂ ಸರಿ. ಇನ್ನೊಬ್ಬರು ಕಂಡದ್ದಕ್ಕೆ ಅರ್ಥ ಹೇಳಬೇಡಿ, ಉಪಾಯ ಸೂಚಿಸಬೇಡಿ. "ನಮ್ಮ ಭಾವನಿಗೂ ಹೀಗೇ ಆಗಿತ್ತು, ಅಶ್ವಗಂಧ ಕೊಟ್ಟೆವು" ಅಂತ ಶುರುಮಾಡಿದ ಮಹಾನುಭಾವರನ್ನು ನಾವು ಮೆಲ್ಲಗೆ ತಡೆಯಬೇಕಾಗಿ ಬಂದಿದೆ. ಗುಂಪಿನಿಂದ ಗುಣ ಕಾಣುವುದು ಇಲ್ಲೇ. ಮಲಗಿದ್ದಾಗ ಪ್ರತಿಯೊಬ್ಬರೂ ಒಂಟಿ. ಎದ್ದು ಕೂತು, ನಲವತ್ತು ವರ್ಷದ ಟ್ರಕ್ ಡ್ರೈವರ್ ಒಬ್ಬ ನಿಮ್ಮದೇ ನಾಚಿಕೆಯನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳುವುದನ್ನು ಕೇಳಿದಾಗ, ಒಬ್ಬರೇ ಪಡೆವ ಚಿಕಿತ್ಸೆಯಲ್ಲಿ ಸಿಗದ್ದೊಂದು ಸಿಗುತ್ತದೆ.

ಮನೆಗೆ ಹೋಗಿ ತಿಳಿಸಾರು ಅನ್ನ ಉಂಡು ಮಲಗಿ. ಆ ವಾರ ರಾಜೀನಾಮೆ, ವಿಚ್ಛೇದನ, ಮನೆ ಮಾರಾಟ, ಅಣ್ಣನಿಗೆ ಉದ್ದದ ವಾಟ್ಸಾಪ್ ಮೆಸೇಜು ಯಾವುದೂ ಬೇಡ. ಬರೆಯಬೇಕೆನಿಸಿದರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನೇ ವಾರದ ಹೊತ್ತಿಗೆ ಮನಸ್ಸು ಮತ್ತೆ ಕುಸಿದರೆ ಚಿಕಿತ್ಸೆ ಕೈಕೊಟ್ಟಿತು ಅಂತಲ್ಲ, ಆದರೆ ತಂಡಕ್ಕೆ ತಿಳಿಸಿ. ಸಾಯುವ ಯೋಚನೆ ಬಂದರೆ ಮುಂದಿನ ಸಭೆಗೆ ಕಾಯದೆ ಅಮೆರಿಕದಲ್ಲಿ 988 ಸಹಾಯವಾಣಿಗೆ ಫೋನ್ ಮಾಡಿ. ಮೂತ್ರ ಉರಿ, ಪದೇಪದೇ ಹೋಗಬೇಕೆನಿಸುವುದು ಶುರುವಾದರೆ ಹೇಳಿ; ಕೆಟಮೈನ್ ಅತಿಯಾದರೆ ಮೂತ್ರಕೋಶ ಕೆಡುತ್ತದೆ. "ಇನ್ನೊಂದು ಡೋಸ್ ಎಲ್ಲಾದರೂ ಸಿಗುತ್ತಾ" ಅಂತ ಮನಸ್ಸು ಹುಡುಕತೊಡಗಿದರೆ ಅದನ್ನೂ ಹೇಳಿ. ನಟ ಮ್ಯಾಥ್ಯೂ ಪೆರಿ 2023ರಲ್ಲಿ ತೀರಿಕೊಂಡದ್ದು ಚಿಕಿತ್ಸೆಯ ಕೋಣೆಯಲ್ಲಲ್ಲ, ಅದರಾಚೆ ಮನೆಯಲ್ಲಿ ತಗೊಂಡ ಕೆಟಮೈನ್‌ನಿಂದ.

ಊರಲ್ಲಿರುವ ತಂಗಿಗೋ ಅಮ್ಮನಿಗೋ ಇದು ಆಗುತ್ತಾ ಅಂತಲೂ ಕೇಳುತ್ತಾರೆ. ಅಲ್ಲಿ ಮೊದಲು ಮನೋವೈದ್ಯರನ್ನು ಕಾಣಲಿ. ತಕ್ಷಣ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಭಾರತದಲ್ಲಿ ಕೆಟಮೈನ್ ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ. ನಿಮಗೆ ಬರೆದುಕೊಟ್ಟ ಗುಳಿಗೆ ಉಳಿದಿದ್ದರೆ ಅದನ್ನು ಅವರಿಗೆಂದು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ, ಕ್ಲಿನಿಕ್‌ಗೇ ಹಿಂತಿರುಗಿಸುವ ದಾರಿ ಕೇಳಿ.