ಕೋಟೆ ಬದಿಗಿಟ್ಟು ಉಯಾಜ್ದ್ ಹಳ್ಳಿಯ ಚರಿತ್ರೆ ತೆಗೆದದ್ದು: ನನ್ನ ಅನುಭವ

ಪೋಲೆಂಡಿನ ಉಯಾಜ್ದ್ ಎಂದರೆ ಎಲ್ಲರ ಕಣ್ಣೂ ಕ್ಶಿಷ್ಟೋಪುರ್ ಪಾಳುಕೋಟೆಯ ಮೇಲೆ. ಕ್ಶಿಷ್ಟೋಫ್ ಒಸ್ಸೊಲಿನ್‌ಸ್ಕಿ 1644ರಲ್ಲಿ ಕಟ್ಟಿ ಮುಗಿಸಿದ, ಮರುವರ್ಷ ತೀರಿಕೊಂಡ, 1655ರಲ್ಲಿ ಸ್ವೀಡನ್ ಸೇನೆ ದೋಚಿತು. ಬರೆಯುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಹಳ್ಳಿಗೆ ಬೇರೆ ಚರಿತ್ರೆ ಸಿಗದು ಎಂದವರೇ ಹೆಚ್ಚು. ಸಿಕ್ಕಿತು; ಕೋಟೆಯಿಂದ ಮುಂದಕ್ಕೆ ಬರುವುದು ಬಿಟ್ಟು 1864ರಿಂದ ಹಿಂದಕ್ಕೆ ನಡೆದಾಗ.

ಆಗ ಇಲ್ಲಿ ಆಳುತ್ತಿದ್ದ ರಷ್ಯಾದ 1864ರ ಭೂ ಆಜ್ಞೆಯಿಂದ ರೈತರಿಗೆ ಜಮೀನಿನ ಹಕ್ಕು ಬಂತು. ಊರೂರಿಗೆ 'ಲಿಕ್ವಿದಾತ್ಸಿಯ್ನಾ' ಪಟ್ಟಿ ತಯಾರಾಯಿತು. ಯಾರ ಕೈಯಲ್ಲಿ ಎಷ್ಟು ಜಮೀನು ಎಂಬುದು ಅದರಲ್ಲಿದೆ. ಅಲ್ಲಿನ ಮನೆತನದ ಹೆಸರುಗಳನ್ನು ಹಿಡಿದು ಚರ್ಚಿನ ಜನನ-ಮರಣ ದಾಖಲೆಗೆ ಇಳಿಯಬೇಕು. ಅದರ ಭಾಷೆ 1868ರಿಂದ ಮೊದಲ ಮಹಾಯುದ್ಧದವರೆಗೆ ರಷ್ಯನ್, ಅದಕ್ಕೆ ಹಿಂದೆ ಪೋಲಿಷ್.

ಮೊದಲ ವರ್ಷವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಇದೇ ಹೆಸರಿನ ಊರುಗಳು ಪೋಲೆಂಡಿನಲ್ಲಿ ಎಷ್ಟೋ ಇವೆ. ಕುದುರೆಯೇರಿ ಗಡಿ ಸುತ್ತಿ ಗುರುತು ಹಾಕಿದ ಜಾಗಕ್ಕೆ ಹೇಳುವ ಮಾತದು. ಬೇರೆ ಉಯಾಜ್ದ್‌ನ ಪುಟಗಳ ನಕಲಿಗೆ ಮುನ್ನೂರು ಝ್ಲೋಟಿಯಷ್ಟು (ಪೋಲೆಂಡಿನ ಹಣ) ಸುರಿದೆ. ಮೇಲಾಗಿ 'ಉಯಾಜ್ದ್' ಎಂದೇ ಹುಡುಕಿದರೆ ಅರ್ಧ ದಾಖಲೆ ತಪ್ಪುತ್ತದೆ. 'ಊರಲ್ಲಿ' ಎನ್ನುವಾಗ ಹೆಸರು 'ಉಯೆಝ್ಜೆ' ಆಗುತ್ತದೆ. ಗೀಚುಬರಹದಲ್ಲಿ ಇದು ಇನ್ನೂ ನಾಲ್ಕು ರೂಪ ತಾಳುತ್ತದೆ. ಆ ಪಟ್ಟಿ ನನ್ನಲ್ಲೇ ಇರಲಿ.

ಯಂತ್ರಾನುವಾದ ನಂಬಿ ಇನ್ನೊಮ್ಮೆ ಕೆಟ್ಟೆ. 'ಕೊಮೊರ್ನಿಕ್' ಎಂದರೆ ಈಗಿನ ಪೋಲಿಷ್‌ನಲ್ಲಿ ಜಪ್ತಿಗೆ ಬರುವ ಕೋರ್ಟಿನ ಅಮೀನ. ಈ ಪುಟ್ಟ ಹಳ್ಳಿಯಲ್ಲಿ ಡಜನ್‌ಗಟ್ಟಲೆ ಅಮೀನರೇ? ಹಳೆಯ ಅರ್ಥದಲ್ಲಿ ಅವನು ಸ್ವಂತ ಮನೆಯಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಇರುವ ಕೂಲಿ. ಅವರನ್ನು ಬೇರೆಯಾಗಿ ಎಣಿಸಿದ ಮೇಲೆಯೇ ಮನೆಗಳ ಲೆಕ್ಕ ಕೂಡಿತು. ದಾಖಲೆಯ ಮೊದಲ ಸಾಲಿನ ದಿನಾಂಕ ನೋಂದಣಿಯದು. ಹುಟ್ಟಿದ ದಿನ ಒಳಗೆಲ್ಲೋ 'ನಿನ್ನೆ' ಎಂದಿರುತ್ತದೆ. ರಷ್ಯನ್ ಪುಟದ ಜೋಡಿ ದಿನಾಂಕಗಳಲ್ಲಿ ಮೊದಲನೆಯದು ಹಳೆಯ ಪಂಚಾಂಗದ್ದು, 19ನೇ ಶತಮಾನದಲ್ಲಿ 12 ದಿನ ಹಿಂದೆ.

ಜಮೀನಿನ ಅಳತೆಯಲ್ಲೂ ಕೈಸುಟ್ಟುಕೊಂಡೆ. 1795ರಿಂದ 1809ರವರೆಗೆ ಈ ಸೀಮೆ ಆಸ್ಟ್ರಿಯಾದ ಕೈಲಿತ್ತು. ಆಸ್ಟ್ರಿಯಾದ ಮೋರ್ಗ್ ಸುಮಾರು 0.575 ಹೆಕ್ಟೇರ್, 1819ರ ಹೊಸ ಪೋಲಿಷ್ ಮೋರ್ಗ್ 0.56. ಸಾವಿರ ಮೋರ್ಗಿಗೆ ಹದಿನೈದು-ಹದಿನಾರು ಹೆಕ್ಟೇರ್ ವ್ಯತ್ಯಾಸ! ಇಂಥ ಕಡೆ ಜಮೀನು ಕಳೆದುಹೋಯಿತೆಂದು ಕಥೆ ಕಟ್ಟುವುದು ಸುಲಭ.

1801–04ರ ಆಸ್ಟ್ರಿಯನ್ ಸೇನಾ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸುವಾಗ ಕೋಟೆಯ ಐದು ಕೊತ್ತಲಗಳನ್ನೇ ಗೂಟ ಮಾಡಿಕೊಂಡೆ. ತಪ್ಪು. ಗುರುತುಗಳೆಲ್ಲ ಒಂದೇ ಕಡೆ ಗುಂಪಾದರೆ ದೂರದ ಹೊಲಗಳು ತಿರುಚಿಕೊಳ್ಳುತ್ತವೆ. ಪಕ್ಕದ ಊರು ಇವಾನಿಸ್ಕಾದ ಚರ್ಚು, ದಾರಿ ಕೂಡುವ ಜಾಗಗಳನ್ನು ಸೇರಿಸಿದ ಮೇಲೆ ತಪ್ಪು ಐವತ್ತು ಮೀಟರಿಗೆ ಇಳಿಯಿತು.

ನಡುವೆ ಒಂದು ಹುಚ್ಚಾಟ: ಕೋಟೆಗೆ 365 ಕಿಟಕಿ, 52 ಕೋಣೆ, 12 ಸಭಾಂಗಣ, 4 ಗೋಪುರ ಎಂಬ ಮಾತನ್ನು ಪರೀಕ್ಷಿಸಲು ಹೊರಟೆ. ಗೋಡೆಯೇ ಬಿದ್ದ ಕಡೆ ಕಿಟಕಿ ಎಣಿಸುವುದೆಲ್ಲಿ? ವಾರ ಕಳೆದು ಕೈಬಿಟ್ಟೆ. ನಕಲು, ರಷ್ಯನ್ ಓದಿಕೊಟ್ಟವರ ಸಂಬಳ ಎಲ್ಲ ಸೇರಿ ಸಾವಿರದ ಐನೂರು ಝ್ಲೋಟಿ ಹಿಡಿದಿರಬೇಕು. ಅದರಲ್ಲಿ ಐದನೇ ಒಂದು ಭಾಗ ಆ ಬೇರೆ ಉಯಾಜ್ದ್‌ಗೆ ಹೋದದ್ದು.